ನನ್ನ ಮಗಳು ಆಟಾ ಆಡಲಿಕ್ಕೆ ಬೆಂಗಳೂರಿಗೆ ಹೋಗಿಲ್ಲ

2025ರ ಶ್ರಾವಣದ ಕಡೀ ಶುಕ್ರವಾರ ನಮ್ಮ ಓಣ್ಯಾಗಿನ ಒಬ್ಬರ ಮನಿಗೆ ಅರಿಶಿಣ-ಕುಂಕುಮಕ್ಕ ಹೋಗಿದ್ದೆ. ಪುಠಾಣಿ-ಸಕ್ಕರಿ ಕೈಯಾಗ ಹಿಡದು ಕೂತಿದ್ದೆ, ಒಬ್ಬ ಕಾಕು ಎಲ್ಲಾರ ಮುಂದ ಕೇಳಿದ್ರು: “ಮೊಬೈಲ್ ಆಟಾ ಎಲ್ಲಾ ಬಂದ್ ಅಂತ ಟೀವ್ಯಾಗ ಬಂತಲ್ಲ. ನಿಮ್ಮ ಹುಡುಗಿ ಕೆಲಸ ಹೋತೇನು?” ಬಾಜೂದವ್ರು, “ಹೋದ್ರ ಛಲೋನ ಆತು ಬಿಡ್ರಿ, ಹುಡುಗರನ್ನ ಕೆಡಸೋ ಕೆಲಸ. ಇನ್ನರೆ ಲಗ್ನಾ ಮಾಡ್ರಿ” ಅಂದ್ರು. ಹಾಲು ಕುಡದು ಸುಮ್ಮನ ಎದ್ದು ಬಂದೆ. ಅವತ್ತು ಆಡಲಾರದ ಮಾತು ಇವತ್ತು ಬರೀತೇನಿ. ಸಿಟ್ಟು ಬಂದ್ರ ಬರಲಿ.

ಮೊದಲು ನನ್ನ ತಪ್ಪು ಹೇಳಿಬಿಡ್ತೇನಿ. ಮಗಳು ಏನು ಮಾಡ್ತಾಳಂತ ಯಾರರೆ ಕೇಳಿದ್ರ ನಾ “ಸಾಫ್ಟ್‌ವೇರ್” ಅಂದು ಮಾತು ಮುಗಸ್ತಿದ್ದೆ. ಗೇಮ್ ಅನ್ನಲಿಕ್ಕೆ ನಾಚಿಕಿ. ಒಂಬತ್ತು ವರ್ಷದಿಂದ ಅದ ಕೆಲಸ ಮಾಡಿ ಅಕಿ ಸೀನಿಯರ್ ಡೆವಲಪರ್ ಆಗ್ಯಾಳ. ಹಡದ ತಾಯೀನ ಮುಚ್ಚಿಟ್ರ ಮಂದಿ ನಗಲಾರದ ಏನು ಮಾಡ್ತಾರ?

ಇನ್ನ ಕಾಯ್ದೆದ ಮಾತು. ಆ ಆಗಸ್ಟಿನ್ಯಾಗ ಬಂದ ಕಾಯ್ದೆ ಬಂದ್ ಮಾಡಿದ್ದು ರೊಕ್ಕಾ ಹಚ್ಚಿ ಆಡೋ ಆನ್‌ಲೈನ್ ಆಟಾ. ಜಾಣತನದ ಆಟ ಇರಲಿ, ನಸೀಬದ ಆಟ ಇರಲಿ, ರೊಕ್ಕಾ ಹಚ್ಚಿ ರೊಕ್ಕಾ ಗೆಲ್ಲಸೋದು ನಡಿಯಂಗಿಲ್ಲ. ಅದರ ಜಾಹೀರಾತೂ ಹಾಕೂಹಂಗಿಲ್ಲ. ರೊಕ್ಕಾ ಇಲ್ಲದ ಮೋಜಿಗೆ ಆಡೋ ಆಟಕ್ಕ, ಇ-ಸ್ಪೋರ್ಟ್ಸಿಗೆ ಅದ ಕಾಯ್ದೆ ಜಾಗಾ ಕೊಟ್ಟದ. ನನ್ನ ಮಗಳು ಮಾಡೋದು ನಾಲ್ಕು ಮಂದಿ ನಾಲ್ಕು ಊರಾಗ ಕೂತು ಆಡೋ ಪಗಡಿಯಂಥಾ ಆಟ. ಅಕಿ ಕೆಲಸ ಎಲ್ಲೂ ಹೋಗಿಲ್ಲ.

ನಾಲ್ಕು ವರ್ಷದ ಹಿಂದ ರೊಕ್ಕಾ ಹಚ್ಚಿ ರಮ್ಮಿ ಆಡಸೋ ಒಂದು ಕಂಪನಿಯವ್ರು ಅಕೀನ್ನ ಒಂದೂವರೆ ಪಟ್ಟು ಪಗಾರಕ್ಕ ಕರದ್ರು. ಅಕಿ ಒಲ್ಲೆ ಅಂದ್ಲು. “ಅವ್ವಾ, ಸೋತವರನ್ನ ಮತ್ತ ಆಡಲಿಕ್ಕೆ ಕೂಡಸೋದ ಅಲ್ಲಿ ನನ್ನ ಕೆಲಸ ಆಗತದ” ಅಂದ್ಲು. ಆವಾಗ ಅಕೀನ್ನ ಹುಚ್ಚಿ ಅಂದವ್ರು ಯಾರು? ನೀವ. ನಿಮ್ಮ ಜೋಡಿ ನಾನೂ. ರೊಕ್ಕಾ ಬರೋ ಹೊತ್ತಿನ್ಯಾಗ ಹುಡುಗರು ಕೆಡೋದು ನಮಗ್ಯಾರಿಗೂ ನೆನಪಾಗಲಿಲ್ಲ.

ಅಕಿ ದಿನಾ ಏನು ಮಾಡ್ತಾಳಂತ ಹೋದ ಸಲ ಕೂಡಿಸಿಕೊಂಡು ಕೇಳಿದೆ. ದಾಳ ನಮ್ಮ ಫೋನಿನ್ಯಾಗ ಉರುಳಂಗಿಲ್ಲಂತ, ಅಲ್ಲಿ ಕಾಣೋದು ಬರೇ ಚಿತ್ರ. ಖರೆ ದಾಳ ಬೀಳೋದು ಕಂಪನಿ ಸರ್ವರಿನ್ಯಾಗ. ಆಡೋರ ಫೋನಿಗೇ ಅದನ್ನ ಬಿಟ್ರ ಕಳ್ಳಾಟ ಸಲೀಸು. ಚೌಕಾಬಾರ ಆಡೋವಾಗ ಕವಡಿ ಬೆರಳಿಲೆ ಹೊಳ್ಳಿಸಿದವರನ್ನ ನಮ್ಮ ಅಜ್ಜಿ ಎಬ್ಬಿಸಿ ಕಳಸ್ತಿದ್ಲಲ್ಲ, ಅದ ಕಾವಲು ಇದು. ಬಸ್ಸಿನ್ಯಾಗ ಹೊಂಟವರ ನೆಟ್ ಹೋದ್ರ ಅವರ ಜಾಗಾ ಸ್ವಲ್ಪ ಹೊತ್ತು ಕಾಯಬೇಕು. ಅವರು ಬರಲಿಲ್ಲಂದ್ರ ಉಳದ ಮೂವರ ಆಟಾ ಕೆಡಬಾರದು. ಹಳೇ ಅಗ್ಗದ ಫೋನಿನವ್ರಿಗೂ ಆಟಾ ತಡವರಸಬಾರದು. ಕೈಕೆಳಗಿನ ಹುಡುಗರು ಬರದ ಕೋಡ್ ಓದಿ ತಪ್ಪು ತಗಿಯೋದೂ ಅಕೀನ. ಹಬ್ಬದ ರಜಾದಾಗ ಆಡೋ ಮಂದಿ ಹೆಚ್ಚು, ಅದಕ್ಕ ದೀಪಾವಳಿಗೆ ಅಕಿ ಮನಿಗೆ ಬರಲಿಲ್ಲ. ಲಕ್ಷ್ಮೀಪೂಜಾದ ರಾತ್ರಿ ಎರಡರ ತನಕ ಸರ್ವರ್ ಕಾಯ್ಕೋತ ಕೂತಿದ್ಲು. ನೀವು “ಆಟಾ ಆಡೋ ಕೆಲಸ” ಅನ್ನೋದು ಇದಕ್ಕ.

ಹುಡುಗರು ಕೆಡ್ತಾರ ಅನ್ನೋದು ಸುಳ್ಳಲ್ಲ. ದಿನಾ ಬಂದ್ರ ಬಹುಮಾನ, ಒಂದು ದಿನ ತಪ್ಪಿದ್ರ ಮೊದಲಿನಿಂದ ಶುರು, ಹಿಂಗ ಗಾಳ ಹಾಕೋದು ಈ ಧಂದ್ಯಾಗ ಅದ. ಅಕಿ ಆಟದಾಗೂ ಅದ. ಅದನ್ನ ತಗಸಲಿಕ್ಕೆ ಜಗಳಾಡಿ ಸೋತಾಳ. ಆದ್ರ ಸೋತ ಕೂಡ್ಲೆ ಹೊಸಾ ಆಟಾ ತಾನ ಶುರು ಆಗೋದು ಬ್ಯಾಡಂತ ಹಟಾ ಹಿಡದು ನಿಲ್ಲಿಸ್ಯಾಳ. ಹೊಸಬರ ಮಾತು ಯಾರೂ ಕೇಳಂಗಿಲ್ಲ, ಸೀನಿಯರ್ ಆದಾಗ ಬ್ಯಾಡ ಅನ್ನಲಿಕ್ಕೆ ಬಾಯಿ ಬರತದ. ಅಂಥಾ ಹುಡುಗಿ ಆ ಕೆಲಸ ಬಿಟ್ರ ಆ ಕುರ್ಚಿ ಮ್ಯಾಲೆ ಯಾರು ಕೂಡಬೇಕು?

ನಮ್ಮ ಮನೀನೂ ನೋಡ್ಕೋಳೋಣ. ಎರಡು ತುತ್ತು ಉಣ್ಣಲಿ ಅಂತ ಮೂರು ವರ್ಷದ ಕೂಸಿನ ಕೈಯಾಗ ಫೋನು ಕೊಟ್ಟವ್ರು ಯಾರು, ಕಂಪನಿಯವ್ರೇನು? 2020ರ ಲಾಕ್‌ಡೌನಿನ್ಯಾಗ ನಮ್ಮ ಬಳಗದಾಗ ಲೂಡೋ ಕಿಂಗ್ ಆಡಲಾರದ ಮನಿ ಯಾವುದಿತ್ತು? ಪುಣೇದ ಮೌಶಿ, ಹುಬ್ಬಳ್ಳಿ ವೈನಿ, ನಾನು, ಮಧ್ಯಾಹ್ನ ಬಾಂಡೆ ಮುಗಿಸಿ ಕೂತ್ರ ಚಹಾದ ಹೊತ್ತಿನ ತನಕ ಏಳ್ತಿದ್ದಿಲ್ಲ. ಅದನ್ನೂ ನವಿ ಮುಂಬೈದಾಗ ಯಾರೋ ತಾಯಂದಿರ ಮಕ್ಕಳು ಕೂತು ಕಟ್ಟಿದ್ದು. ಆವಾಗ ಆಟಾ ಛಲೋ ಇತ್ತು, ಈಗ ಅದನ್ನ ಕಟ್ಟೋ ಹುಡುಗಿ ಕೆಟ್ಟಾಕಿ ಆದ್ಲೇನು?

ಸಂಕ್ರಾಂತಿಗೆ ಮಗಳು ಬರಾಕಿದ್ದಾಳ. ಎಳ್ಳು-ಬೆಲ್ಲಾ ತಗೊಳಿಕ್ಕೆ ಎಲ್ಲಾರೂ ಬರ್ರಿ, ಆ ಕಾಕೂನೂ ಬರಲಿ. ಲಗ್ನದ ಮಾತು ಆಮ್ಯಾಲೆ ಆಡೋಣಂತ. ಮೊದಲು ಅಕಿ ಕೆಲಸ ಏನಂತ ಅಕೀನ್ನ ಕೇಳ್ರಿ. ಈ ಸಲ ನಾ ನಡುವ ಬಾಯಿ ಹಾಕಿ “ಸಾಫ್ಟ್‌ವೇರ್” ಅನ್ನಂಗಿಲ್ಲ.