ನೆಗೆಟಿವ್‌ಗಳಿಗೂ ಒಂದು ಭಂಡಾರ ಬೇಕು

ಫಿಲ್ಮ್ ಛಾಯಾಗ್ರಹಣ ಮರಳಿ ಬರುತ್ತಿದೆ ಎಂಬ ಸುದ್ದಿಯನ್ನು ನಾನು ಅರೆಮನಸ್ಸಿನಿಂದಲೇ ಓದುತ್ತೇನೆ. 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ್ದ ಕೊಡಾಕ್, 2018ರಲ್ಲಿ ಎಕ್ಟಾಕ್ರೋಮ್ ರೋಲನ್ನು ಮತ್ತೆ ಮಾರುಕಟ್ಟೆಗೆ ತಂದಿತು. 2024ರಲ್ಲಿ ಪೆಂಟಾಕ್ಸ್ ಹೊಸ ಫಿಲ್ಮ್ ಕ್ಯಾಮೆರಾವನ್ನೇ ಬಿಡುಗಡೆ ಮಾಡಿತು. ನಗರದ ಉತ್ಸಾಹಿಗಳಿಗೆ ಇದು ಸಂಭ್ರಮ. ಆದರೆ ‘ಇಂದು’ ಫಿಲ್ಮ್ ತಯಾರಿಸುತ್ತಿದ್ದ ಊಟಿಯ ಸರ್ಕಾರಿ ಕಾರ್ಖಾನೆ ಮುಚ್ಚಿಹೋಯಿತು. ಆ ರೋಲುಗಳಲ್ಲಿ ಸೆರೆಯಾದ ಹಳ್ಳಿಗಾಡಿನ ಮುಖಗಳ ಗತಿ ಏನೆಂದು ಕೇಳುವವರಿಲ್ಲ.

ನವಲಗುಂದ ತಾಲ್ಲೂಕಿನ ಯಮನೂರನ್ನೇ ತೆಗೆದುಕೊಳ್ಳಿ. ಹೋಳಿ ಹುಣ್ಣಿಮೆಯ ಬಳಿಕ ಅಲ್ಲಿ ನಡೆಯುವ ಚಾಂಗದೇವ–ರಾಜಾಬಾಗ್ ಸವಾರರ ಜಾತ್ರೆಗೆ ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ನಮ್ಮ ಕಡೆಯ ಇಂಥ ಜಾತ್ರೆಗಳಲ್ಲಿ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರವೇ ಎಷ್ಟೋ ಹಿರಿಯರ ಏಕೈಕ ಭಾವಚಿತ್ರ.

2016ರ ಜುಲೈ ಕೊನೆಯಲ್ಲಿ, ಮಹದಾಯಿ ಹೋರಾಟದ ಸಂದರ್ಭದಲ್ಲಿ ಪೊಲೀಸರು ಇದೇ ಊರಿಗೆ ನುಗ್ಗಿ ಹೆಂಗಸರು, ವೃದ್ಧರೆನ್ನದೆ ಥಳಿಸಿದರು. ನಾಡು ಅದನ್ನು ಕಂಡದ್ದು ಡಿಜಿಟಲ್ ದೃಶ್ಯಗಳಿಂದ. ಫಿಲ್ಮ್ ತೊಳೆದು ಮುದ್ರಿಸುವವರೆಗೆ ಕಾದಿದ್ದರೆ ಆ ಆಕ್ರೋಶ ಅಷ್ಟು ಬೇಗ ಹಬ್ಬುತ್ತಿರಲಿಲ್ಲ. ಇದನ್ನು ಒಪ್ಪದೆ ಫಿಲ್ಮಿನ ಪರ ವಾದಿಸುವುದು ಹಟವಷ್ಟೇ. ಆದರೆ ಅಂದಿನ ಮೊಬೈಲುಗಳಲ್ಲಿ ಎಷ್ಟು ಇಂದು ಚಾಲೂ ಇವೆ? 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ನಡೆದ ಕಾಲದ ನೆಗೆಟಿವೊಂದು ಯಾರದೋ ಟ್ರಂಕಿನಲ್ಲಿದ್ದರೆ, ಅದನ್ನು ನೋಡಲು ಪಾಸ್‌ವರ್ಡ್ ಬೇಡ, ಚಾರ್ಜರ್ ಬೇಡ. ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು.

ಹಾಗೆಂದು ನೆಗೆಟಿವ್ ಚಿರಂಜೀವಿಯಲ್ಲ. ಬಿಸಿಲು, ತೇವಗಳಿಗೆ ಅಸಿಟೇಟ್ ಪಟ್ಟಿ ಹುಳಿ ವಾಸನೆ ಸೂಸುತ್ತ ಸುರುಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಶತ್ರು ನಮ್ಮ ಉದಾಸೀನ. ಸ್ಟುಡಿಯೊ ಮುಚ್ಚಿದಾಗ ಕಪ್ಪು–ಬಿಳುಪು ನೆಗೆಟಿವ್‌ಗಳು ಗುಜರಿಗೆ ಹೋಗುತ್ತವೆ. ಅದರಲ್ಲಿರುವ ಬೆಳ್ಳಿಯನ್ನು ಕರಗಿಸಿ ತೆಗೆಯುವವರಿದ್ದಾರೆ. ಒಂದು ಊರಿನ ಮೂರು ತಲೆಮಾರುಗಳ ಮುಖಗಳು ಹೀಗೆ ತೂಕದ ಲೆಕ್ಕಕ್ಕೆ ಮುಗಿಯುತ್ತವೆ.

1939ರಲ್ಲಿ ಸ್ಥಾಪನೆಯಾದ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಶಾಸನ, ಹಸ್ತಪ್ರತಿಗಳನ್ನು ಹುಡುಕಿ ಕಾಪಾಡಿತು. ತಾಳೆಗರಿಗೆ ಸಂದ ಗೌರವ ನೆಗೆಟಿವ್‌ಗೇಕಿಲ್ಲ? ವಿಶ್ವವಿದ್ಯಾಲಯವೋ ಪತ್ರಾಗಾರ ಇಲಾಖೆಯೋ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಹಳೆಯ ಸ್ಟುಡಿಯೊಗಳಿಗೆ ಹೋಗಿ, ಅವನ್ನು ಪಡೆದು, ತಂಪಾದ ಒಣ ಕೋಣೆಯಲ್ಲಿಟ್ಟು ಸ್ಕ್ಯಾನ್ ಮಾಡಿಸಬೇಕು. ಇದಕ್ಕೆ ಭಾರೀ ಹಣವೇನೂ ಬೇಡ, ಅವಸರ ಮಾತ್ರ ಇದೆ. ಪ್ರತಿ ಲಕೋಟೆಯ ಮೇಲೆ ಊರು, ಹೆಸರು, ವರ್ಷವನ್ನು ನೆನಪಿನಿಂದ ಬರೆದುಕೊಡಬಲ್ಲ ಛಾಯಾಗ್ರಾಹಕರಿಗೆ ಈಗಾಗಲೇ ವಯಸ್ಸಾಗಿದೆ.