ಮೋಟಾರಿಗೆ ರೆಕ್ಕೆ ಬೇಕೆ?

ಸಂಜೆಯ ವೇಳೆ ಕಮ್ಮನಹಳ್ಳಿಯ ಮುಖ್ಯರಸ್ತೆಯಲ್ಲಿ ಅರ್ಧ ಗಂಟೆ ನಿಂತವರಿಗೆ ಒಂದು ವಿಚಿತ್ರ ದೃಶ್ಯ ಕಣ್ಣಿಗೆ ಬೀಳದಿರದು. ಆಟೋರಿಕ್ಷಾ, ಬಸ್ಸು, ತರಕಾರಿ ಗಾಡಿಗಳ ನಡುವೆ ಆಮೆಯ ನಡಿಗೆಯಲ್ಲಿ ಸಾಗುವ ಒಂದು ಪುಟ್ಟ ಕಾರು. ಅದರ ಬೆನ್ನ ಮೇಲೆ ಎರಡು ಕಂಬಗಳನ್ನು ನೆಟ್ಟು ಕೂರಿಸಿದ ಅಗಲವಾದ ರೆಕ್ಕೆ. ಪಂದ್ಯದ ಮೋಟಾರುಗಳನ್ನು ದೂರದರ್ಶನದಲ್ಲಿ ಕಂಡು ಮನಸೋತ ತರುಣನೊಬ್ಬನು ಹಣ ತೆತ್ತು ಅದನ್ನು ಹಾಕಿಸಿಕೊಂಡಿರುತ್ತಾನೆ. ಅವನ ಉತ್ಸಾಹವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ: ಆ ರೆಕ್ಕೆಯಿಂದ ಆ ಕಾರಿಗೆ ಆಗುವುದೇನು?

ಮೊದಲು ರೆಕ್ಕೆಯ ಕೆಲಸವನ್ನು ತಿಳಿಯೋಣ. ವಿಮಾನದ ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೇಳುತ್ತದೆ. ಅದನ್ನೇ ಬೋರಲು ಹಾಕಿದರೆ ಗಾಳಿಯು ಮೇಲಕ್ಕೆ ತಳ್ಳಲ್ಪಟ್ಟು, ರೆಕ್ಕೆಯು ಕೆಳಕ್ಕೆ ಒತ್ತಲ್ಪಡುತ್ತದೆ. ಹೀಗೆ ಒತ್ತಿದಾಗ ಟೈರುಗಳು ನೆಲವನ್ನು ಬಿಗಿಯಾಗಿ ಹಿಡಿಯುತ್ತವೆ. ಆದರೆ ಕಾರಿನ ದ್ರವ್ಯರಾಶಿ ಹೆಚ್ಚುವುದಿಲ್ಲ. ಆದುದರಿಂದ ತಿರುವಿನಲ್ಲಿ ಹೆಚ್ಚು ವೇಗವಾಗಿ ಸಾಗಬಹುದು. 1966ರಲ್ಲಿ ಅಮೆರಿಕದ ಜಿಮ್ ಹಾಲ್ ಎಂಬವನು ತನ್ನ ಚಾಪರಲ್ ಮೋಟಾರಿನ ಮೇಲೆ ಎತ್ತರವಾದ ರೆಕ್ಕೆಯನ್ನು ನಿಲ್ಲಿಸಿ ಈ ತತ್ತ್ವವನ್ನು ಜಗತ್ತಿಗೆ ತೋರಿಸಿದನು. 1968ರ ವೇಳೆಗೆ ಫಾರ್ಮುಲಾ ಒನ್ ಪಂದ್ಯಗಳಿಗೂ ಅದು ಬಂದಿತು. ಇಂದಿನ ಅಗ್ರಶ್ರೇಣಿಯ ಪಂದ್ಯದ ಮೋಟಾರು ಪೂರ್ಣ ವೇಗದಲ್ಲಿ ತನ್ನ ತೂಕವನ್ನೂ ಮೀರಿದ ಬಲದಿಂದ ನೆಲಕ್ಕೆ ಒತ್ತಲ್ಪಡುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಮರೆಯಕೂಡದು. ಮೊದಲನೆಯದು, ಈ ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ವೇಗ ಅರ್ಧವಾದರೆ ಬಲ ಕಾಲುಭಾಗ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಮ್ಮ ತರುಣನ ರೆಕ್ಕೆಯು 20 ಕಿಲೋಗ್ರಾಂ ತೂಕದಷ್ಟು ಬಲವನ್ನು ಕೊಡುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕಮ್ಮನಹಳ್ಳಿಯಲ್ಲಿ ಸಾಧ್ಯವಾಗುವ 30 ಕಿಲೋಮೀಟರ್ ವೇಗದಲ್ಲಿ ಅದು 1.8 ಕಿಲೋಗ್ರಾಂ ಮಾತ್ರ. ಸುಲಿದ ಮೂರು ತೆಂಗಿನಕಾಯಿಗಳನ್ನು ಕಾರಿನ ಹಿಂದೆ ಇಟ್ಟರೂ ಅಷ್ಟೇ ಭಾರ ಬೀಳುತ್ತದೆ. ರೆಕ್ಕೆಯ ಸ್ವಂತ ತೂಕವೇ ಅದಕ್ಕಿಂತ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಎರಡನೆಯದು ಇನ್ನೂ ಮುಖ್ಯವಾದದ್ದು: ಬಲ ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಬೀಳುತ್ತದೆ ಎಂಬುದೇ ಮೋಟಾರಿನ ನಡತೆಯನ್ನು ನಿರ್ಧರಿಸುತ್ತದೆ. ಇದನ್ನು ನಮ್ಮ ಹಳ್ಳಿಯ ಗಾಡಿ ಹೊಡೆಯುವವನು ಯಾವ ಪುಸ್ತಕವನ್ನೂ ಓದದೆ ಬಲ್ಲ. ಎತ್ತಿನ ಗಾಡಿಯಲ್ಲಿ ಮೂಟೆಗಳನ್ನು ಹಿಂದಕ್ಕೆ ಹೇರಿದರೆ ಮೂಕಿ ಮೇಲೇಳುತ್ತದೆ, ನೊಗವು ಎತ್ತುಗಳ ಹೆಗಲನ್ನು ಬಿಡುತ್ತದೆ. ಆದುದರಿಂದಲೇ ಅವನು ಹಿಂಭಾರ, ಮುಂಭಾರಗಳನ್ನು ನೋಡಿ ಹೇರುತ್ತಾನೆ. ಕಾರಿನಲ್ಲಿಯೂ ಇದೇ ನ್ಯಾಯ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.5 ಮೀಟರ್ ಅಂತರವಿದ್ದು, ರೆಕ್ಕೆಯು ಹಿಂದಿನ ಅಚ್ಚಿಗಿಂತ ಅರ್ಧ ಮೀಟರ್ ಹಿಂದೆ ಇದೆಯೆನ್ನೋಣ. ಸನ್ನೆಯ ನಿಯಮದಂತೆ, 20 ಕಿಲೋಗ್ರಾಂ ಒತ್ತುವಾಗ ಹಿಂದಿನ ಗಾಲಿಗಳ ಮೇಲಣ ಭಾರ 24 ಕಿಲೋಗ್ರಾಂ ಹೆಚ್ಚುತ್ತದೆ. ಮುಂದಿನ ಗಾಲಿಗಳ ಮೇಲಣ ಭಾರ 4 ಕಿಲೋಗ್ರಾಂ ಕಡಿಮೆಯಾಗುತ್ತದೆ! ಎತ್ತರದಲ್ಲಿರುವ ರೆಕ್ಕೆಯನ್ನು ಗಾಳಿಯು ಹಿಂದಕ್ಕೂ ತಳ್ಳುವುದರಿಂದ ಮುಂಭಾಗವು ಇನ್ನಷ್ಟು ಹಗುರವಾಗುತ್ತದೆ.

ನಮ್ಮ ರಸ್ತೆಗಳಲ್ಲಿ ಓಡಾಡುವ ಚಿಕ್ಕ ಕಾರುಗಳಲ್ಲಿ ಬಹುಪಾಲು ಮುಂಗಾಲಿಗಳಿಂದ ಎಳೆಯಲ್ಪಡುವಂಥವು. ತಿರುಗಿಸುವುದೂ ಎಳೆಯುವುದೂ ಅವೇ. ಬ್ರೇಕು ಹಾಕಿದಾಗ ಹೆಚ್ಚಿನ ಹೊಣೆಯೂ ಅವುಗಳದೇ. ಹಿಡಿತ ಬೇಕಾದ ಗಾಲಿಗಳಿಂದ ಭಾರವನ್ನು ಕಿತ್ತು, ಅಷ್ಟಾಗಿ ಬೇಡದ ಗಾಲಿಗಳಿಗೆ ಕೊಟ್ಟಂತಾಯಿತು. ಮುಂಗಾಲಿಗಳ ಹಿಡಿತ ಮೊದಲು ಸೋತರೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದೆ ನೇರಕ್ಕೆ ಜಾರುತ್ತದೆ. ಹಿಂಗಾಲಿಗಳ ಹಿಡಿತ ಮೊದಲು ಸೋತರೆ ಬಾಲವು ಹೊರಕ್ಕೆ ಬೀಸಿ ಕಾರು ಗಿರಕಿ ಹೊಡೆಯುತ್ತದೆ. ಇವೆರಡರ ನಡುವಣ ಸಮತೋಲವೇ ಪಂದ್ಯದ ಮೋಟಾರಿನ ಜೀವಾಳ.

“ಪಂದ್ಯದ ಮೋಟಾರಿಗೂ ಹಿಂದೆ ರೆಕ್ಕೆ ಇದೆಯಲ್ಲ?” ಎಂದು ಕೆಲವರು ಕೇಳಬಹುದು. ಇದೆ, ಆದರೆ ಮುಂದೆಯೂ ಒಂದು ರೆಕ್ಕೆ ಇದೆ. ಅದರ ತಳವೂ ಗಾಳಿಯನ್ನು ಸೆಳೆದು ಮೋಟಾರನ್ನು ನೆಲಕ್ಕೆ ಹಿಡಿಯುವಂತೆ ರಚಿತವಾಗಿದೆ. ಮುಂದಿನ ರೆಕ್ಕೆಯನ್ನು ಒಂದಿಷ್ಟು ಓರೆಗೊಳಿಸಿದರೆ ಹಿಂದಿನದನ್ನೂ ಅದಕ್ಕೆ ಸರಿಯಾಗಿ ಹೊಂದಿಸಬೇಕು. ಈ ಸಮತೋಲ ತಪ್ಪಿದಾಗ ಏನಾಗುತ್ತದೆಂಬುದನ್ನು 1999ರ ಲ ಮಾನ್ ಪಂದ್ಯವು ತೋರಿಸಿತು. ಅನುಭವಿಗಳು ರಚಿಸಿದ ಮರ್ಸಿಡಿಸ್ ಮೋಟಾರುಗಳ ಮೂತಿ ಗಾಳಿಗೆ ಎತ್ತಲ್ಪಟ್ಟು, ಅಭ್ಯಾಸ ಮತ್ತು ಪಂದ್ಯಗಳಲ್ಲಿ ಒಟ್ಟು ಮೂರು ಸಲ ಅವು ಆಕಾಶಕ್ಕೆ ಹಾರಿ ಮಗುಚಿದವು. ಚಾಲಕರು ಬದುಕಿದ್ದು ಅದೃಷ್ಟ. ಅದಕ್ಕೂ ಮೊದಲು, 1969ರಲ್ಲಿ ಬಾರ್ಸಿಲೋನಾದ ಪಂದ್ಯದಲ್ಲಿ ಗ್ರಹಾಂ ಹಿಲ್ ಮತ್ತು ಯೋಖೆನ್ ರಿಂಟ್ ಇವರ ಲೋಟಸ್ ಮೋಟಾರುಗಳ ಎತ್ತರದ ರೆಕ್ಕೆಗಳು ಓಟದ ನಡುವೆಯೇ ಮುರಿದು, ಎರಡೂ ಅಪಘಾತಕ್ಕೀಡಾದವು. ಅದೇ ತಿಂಗಳು ಅಂತಹ ರೆಕ್ಕೆಗಳನ್ನು ನಿಷೇಧಿಸಲಾಯಿತು. ವಿಶ್ವದ ಶ್ರೇಷ್ಠ ಶಿಲ್ಪಿಗಳಿಗೇ ಹೀಗಾಗುವುದಾದರೆ, ಅಳತೆಯೇ ಇಲ್ಲದೆ ನಾಲ್ಕು ತಿರುಪುಮೊಳೆಗಳಿಂದ ಬಿಗಿದ ರೆಕ್ಕೆಯನ್ನು ನಾವು ನಂಬುವುದೆಂತು?

ನನ್ನ ದೃಷ್ಟಿಯಲ್ಲಿ ಅತ್ಯಂತ ದೊಡ್ಡ ಅಪಾಯವೆಂದರೆ ಆ ನಾಲ್ಕು ಕಿಲೋಗ್ರಾಂ ಅಲ್ಲ. ರೆಕ್ಕೆಯು ಚಾಲಕನಲ್ಲಿ ಹುಟ್ಟಿಸುವ ಹುಸಿ ಧೈರ್ಯ. ಹಗಲು ತೆವಳಿದ ಕಾರು ನಡುರಾತ್ರಿ ಹೊರವರ್ತುಲ ರಸ್ತೆಗೆ ಏರುತ್ತದೆ. ಮೊದಲ ಮಳೆ ಬಿದ್ದು ಧೂಳೂ ಎಣ್ಣೆಯೂ ಕಲೆತ ನುಣುಪು ಟಾರಿನ ಮೇಲೆ, ‘ನನ್ನ ಕಾರಿಗೆ ರೆಕ್ಕೆಯಿದೆ’ ಎಂಬ ನೆಚ್ಚಿಕೆಯಿಂದ ತರುಣನು ತಿರುವಿಗೆ ನುಗ್ಗುತ್ತಾನೆ. ಅಲ್ಲಿ ಪಣಕ್ಕಿಡುವುದು ಅವನ ಪ್ರಾಣವನ್ನಷ್ಟೇ ಅಲ್ಲ, ರಸ್ತೆ ದಾಟುವವನ ಪ್ರಾಣವನ್ನೂ ಸಹ. ನೋಂದಣಿ ಪತ್ರದ ವಿವರಗಳಿಗೂ ತಯಾರಕರ ಮೂಲ ವಿವರಗಳಿಗೂ ಭೇದ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ಹೇಳುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದರೆ ದಂಡದ ಭಯವೊಂದರಿಂದಲೇ ಈ ಹವ್ಯಾಸ ತಿದ್ದಲಾರದು. ತಿಳಿವಳಿಕೆಯಿಂದ ತಿದ್ದಬೇಕು.

ಅದಕ್ಕೆ ಬೆಂಗಳೂರಿಗಿಂತ ಅನುಕೂಲವಾದ ಊರು ಭಾರತದಲ್ಲಿ ಯಾವುದಿದೆ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು 1942ರಲ್ಲಿಯೇ ಆರಂಭವಾಯಿತು. 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಇದೇ ಊರಿನಲ್ಲಿದೆ. ಕಮ್ಮನಹಳ್ಳಿಯಿಂದ ಕೆಲವೇ ಮೈಲಿಗಳ ದಾರಿ. ಗಾಳಿಯನ್ನು ಕೊಳವೆಯಲ್ಲಿ ಹರಿಸಿ, ಮಾದರಿಯ ಮೇಲೆ ಅದು ಬೀರುವ ಬಲವನ್ನು ಅಳೆಯುವ ವಾಯುಸುರಂಗಗಳು ಈ ಎರಡು ಕಡೆಯೂ ಇವೆ. ರಾಷ್ಟ್ರೀಯ ವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ‘ಅಶ್ವ ರೇಸಿಂಗ್’ ಎಂಬ ತಂಡವನ್ನು ಕಟ್ಟಿ, ತಾವೇ ಪಂದ್ಯದ ಮೋಟಾರುಗಳನ್ನು ರಚಿಸತೊಡಗಿದರು. ಇಂತಹ ವಿದ್ಯಾರ್ಥಿ ಪಂದ್ಯಗಳಲ್ಲಿ ಎಂಟರ ಅಂಕಿಯ ಆಕಾರದಲ್ಲಿ ಓಡಿಸಿ ಹಿಡಿತವನ್ನು ಪರೀಕ್ಷಿಸುವ ಒಂದು ಭಾಗವಿದೆ. ಅದರ ಒಳವೃತ್ತದ ವ್ಯಾಸ 15.25 ಮೀಟರ್. ಅಲ್ಲಿ ಅಲಂಕಾರಕ್ಕೆ ಅಂಕಗಳಿಲ್ಲ. ಗಡಿಯಾರವೊಂದೇ ಪರೀಕ್ಷಕ.

ಇಂತಹ ವಿದ್ಯೆಯು ಒಂದೆರಡು ಕಾಲೇಜುಗಳ ಸೊತ್ತಾಗಿ ಉಳಿಯಬಾರದೆಂಬುದೇ ನನ್ನ ವಾದ. ವಿಜ್ಞಾನ ಸಂಸ್ಥೆಯು ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಅದು ಸ್ತುತ್ಯ, ಆದರೆ ಸಾಲದು. ನಗರದ ಪ್ರೌಢಶಾಲೆಗಳ ಮಕ್ಕಳು ವಾಯುಸುರಂಗದ ಮುಂದೆ ನಿಂತು ಒಂದು ಮಾದರಿಯ ಮೇಲೆ ಬೀಳುವ ಬಲವನ್ನು ತಾವೇ ಓದಿ ಬರೆದುಕೊಳ್ಳುವ ಏರ್ಪಾಡು ನಿಯತವಾಗಿ ಆಗಬೇಕು. ಕಾಲೇಜುಗಳಿಗೆ ಅಷ್ಟು ದೊಡ್ಡ ಸಾಧನವೂ ಬೇಡ. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ತಕ್ಕಡಿಗಳನ್ನಿಟ್ಟು, ಸೂಕ್ತ ಸ್ಥಳದಲ್ಲಿ ಮರಳಿನ ಚೀಲವನ್ನು ಹೇರಿ ಭಾರದ ಹಂಚಿಕೆಯನ್ನು ನೋಡಲಿ. ಮಾದರಿಯ ಮೈಗೆ ಉಣ್ಣೆಯ ಎಳೆಗಳನ್ನು ಅಂಟಿಸಿ, ಬೀಸಣಿಗೆಯ ಗಾಳಿ ಎಲ್ಲಿ ನುಣ್ಣಗೆ ಹರಿಯುತ್ತದೆ, ಎಲ್ಲಿ ಸುಳಿಯಾಗುತ್ತದೆ ಎಂಬುದನ್ನು ಗಮನಿಸಲಿ.

ಪ್ರಿಯ ವಿದ್ಯಾರ್ಥಿಗಳೇ, ವೇಗದ ಮೇಲಣ ಮೋಹ ತಪ್ಪಲ್ಲ. ಅಳೆಯದೆ ನಂಬುವುದು ತಪ್ಪು. ನಿಮ್ಮ ಗೆಳೆಯನೊಬ್ಬನು ರೆಕ್ಕೆ ಹಾಕಿಸಲು ಹೊರಟರೆ ಅವನೊಡನೆ ಅಂಗಡಿಗೆ ಹೋಗಿ, ಅಂಗಡಿಯವರನ್ನು ಒಂದೇ ಒಂದು ಪ್ರಶ್ನೆ ಕೇಳಿ: “ಇದನ್ನು ಹಾಕಿದ ಮೇಲೆ ಮುಂಗಾಲಿಗಳ ಮೇಲೆ ಎಷ್ಟು ಭಾರ ಉಳಿಯುತ್ತದೆ?” ಅವರು ಅಳೆದು ಸಂಖ್ಯೆ ಹೇಳಿದರೆ ಕೂತು ಚರ್ಚಿಸಿ. ಹೇಳದಿದ್ದರೆ ಗೆಳೆಯನ ಹಣವನ್ನು ಉಳಿಸಿ, ಒಳ್ಳೆಯ ನಾಲ್ಕು ಟೈರುಗಳನ್ನು ಕೊಡಿಸಿ.