ಗಾಯಾಳುವಿಗೆ ಎಡೆಯಿಲ್ಲದ ವಾಹನ

ಸೈನ್ಯದ ಹೆಲಿಕಾಪ್ಟರಿನ ಮಾತು ಬಂದಾಗಲೆಲ್ಲ ಅದರ ಸಮರ್ಥಕರು ಪ್ರವಾಹದ ಚಿತ್ರವೊಂದನ್ನು ಮುಂದೊಡ್ಡುವುದುಂಟು. 2013ರಲ್ಲಿ ಉತ್ತರಾಖಂಡದ ಕಣಿವೆಗಳಿಂದ ಯಾತ್ರಿಕರನ್ನು ಎತ್ತಿ ತಂದುದು ಹೆಲಿಕಾಪ್ಟರುಗಳೇ ಅಲ್ಲವೆ? ಆದುದರಿಂದ ಸೇನೆಗೆ ಎಷ್ಟು ಹೆಲಿಕಾಪ್ಟರುಗಳು ಸೇರಿದರೂ ಅದು ಜೀವರಕ್ಷಣೆಗೇ ಸಂದಂತೆ ಎಂಬುದು ಅವರ ವಾದ. ಒಂದು ಹೆಸರಿನ ಮರೆಯಲ್ಲಿ ಎರಡು ಯಂತ್ರಗಳನ್ನು ಬಚ್ಚಿಡುವ ವಾದವಿದು.

1944ರ ಏಪ್ರಿಲ್‌ನಲ್ಲಿ ಬರ್ಮಾದ ಕಾಡಿನಲ್ಲಿ ಅಮೆರಿಕದ ವಿಮಾನಚಾಲಕನೊಬ್ಬನೂ ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರೂ ಸಿಲುಕಿದ್ದರು. ಕಾರ್ಟರ್ ಹಾರ್ಮನ್ ಎಂಬ ಅಧಿಕಾರಿ ಸಿಕೋರ್ಸ್ಕಿ ಹೆಲಿಕಾಪ್ಟರಿನಲ್ಲಿ ಅವರನ್ನು ಒಬ್ಬೊಬ್ಬರನ್ನಾಗಿ ಹೊರತಂದನು. ಒಮ್ಮೆಗೆ ಒಬ್ಬನಿಗಿಂತ ಹೆಚ್ಚು ಮಂದಿಯನ್ನು ಹೊರುವ ಶಕ್ತಿ ಆ ದುರ್ಬಲ ಯಂತ್ರಕ್ಕಿರಲಿಲ್ಲ. ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರುಗಳ ಎರಡೂ ಪಕ್ಕಗಳಿಗೆ ಸ್ಟ್ರೆಚರ್ ಕಟ್ಟಿ ಗಾಯಾಳುಗಳನ್ನು ಸಾಗಿಸಲಾಯಿತು. ಅಮೆರಿಕದ ಸೇನೆ 1950ರ ದಶಕದಲ್ಲಿ ‘ಹ್ಯೂಯಿ’ಯನ್ನು ಬಯಸಿದ್ದೂ ಮುಖ್ಯವಾಗಿ ಗಾಯಾಳುಗಳ ಸಾಗಾಟಕ್ಕಾಗಿಯೇ. ಆದರೆ ವಿಯೆಟ್ನಾಂನಲ್ಲಿ ಅದಕ್ಕೆ ಬಂದೂಕು, ರಾಕೆಟ್‌ಗಳನ್ನು ಬಿಗಿದರು. ಅಷ್ಟಕ್ಕೂ ತೃಪ್ತಿಯಾಗದೆ, ಅದರ ಯಂತ್ರಭಾಗಗಳನ್ನೇ ಆಧರಿಸಿ ‘ಕೋಬ್ರಾ’ವನ್ನು ನಿರ್ಮಿಸಿ 1967ರಲ್ಲಿ ರಣರಂಗಕ್ಕಿಳಿಸಿದರು. ಅದರ ಒಡಲು ಕಿರಿದು. ಹಿಂದೊಬ್ಬ, ಮುಂದೊಬ್ಬ, ಮೂರನೆಯವನಿಗೆ ಅಲ್ಲಿ ಎಡೆಯಿಲ್ಲ. ಹೊರುವ ಒಡಲನ್ನು ಕಳೆದು ಕೊಲ್ಲುವ ಕಣ್ಣನ್ನು ಉಳಿಸಿಕೊಂಡ ಈ ಆಕೃತಿಯೇ ಮುಂದಿನ ಆಕ್ರಮಣ ಹೆಲಿಕಾಪ್ಟರುಗಳಿಗೆ ಮಾದರಿಯಾಯಿತು.

2007ರ ಜುಲೈ 12ರಂದು ಬಾಗ್ದಾದಿನ ಬೀದಿಯೊಂದರ ಮೇಲೆ ಎರಡು ‘ಅಪಾಚೆ’ಗಳು ಗುಂಡಿನ ಮಳೆಗರೆದವು. ಸತ್ತವರಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆಯ ಇಬ್ಬರು ನೌಕರರಿದ್ದರು. ಗಾಯಾಳುವೊಬ್ಬನನ್ನು ಎತ್ತಿಕೊಳ್ಳಲು ವ್ಯಾನೊಂದು ಬಂದು ನಿಂತಿತು. ಮೇಲಿದ್ದವರು ಅನುಮತಿ ಕೇಳಿದರು, ಪಡೆದರು, ಅದರ ಮೇಲೂ ಗುಂಡು ಹಾರಿಸಿದರು. ಒಳಗಿದ್ದ ಇಬ್ಬರು ಮಕ್ಕಳು ಗಾಯಗೊಂಡರು. ಅವರ ತಂದೆ ಸತ್ತನು. ಬರ್ಮಾದಲ್ಲಿ ಹಾರ್ಮನ್ ಮಾಡಿದ ಕೆಲಸವನ್ನೇ ಆ ತಂದೆ ನೆಲದ ಮೇಲೆ ಮಾಡಹೊರಟಿದ್ದನು. ಈ ದೃಶ್ಯವನ್ನು ಹೆಲಿಕಾಪ್ಟರಿನ ಕ್ಯಾಮರಾವೇ ಸೆರೆಹಿಡಿದಿತ್ತು. 2010ರಲ್ಲಿ ಲೋಕವೆಲ್ಲ ಅದನ್ನು ಕಂಡಿತು.

ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಬೆಂಗಳೂರಿನ ಎಚ್.ಎ.ಎಲ್. ನಿರ್ಮಿಸುವ ‘ಧ್ರುವ’ದಲ್ಲಿ ಸ್ಟ್ರೆಚರ್‌ಗಳನ್ನು ಅಳವಡಿಸಬಹುದು. ಅದೇ ಧ್ರುವದ ತಂತ್ರವನ್ನು ಆಧರಿಸಿ, ಒಡಲನ್ನು ಕಿರಿದಾಗಿಸಿ, ಮೂತಿಗೆ 20 ಮಿ.ಮೀ. ಫಿರಂಗಿಯನ್ನಿಟ್ಟು ರೂಪಿಸಿದ್ದು ‘ಪ್ರಚಂಡ’. 2025ರ ಮಾರ್ಚ್‌ನಲ್ಲಿ ಇಂಥ 156 ಹೆಲಿಕಾಪ್ಟರುಗಳಿಗಾಗಿ ಸುಮಾರು 62,700 ಕೋಟಿ ರೂಪಾಯಿಗಳ ಒಪ್ಪಂದವಾಯಿತು. ಬೆಂಗಳೂರು, ತುಮಕೂರುಗಳಲ್ಲಿ ಅವುಗಳ ನಿರ್ಮಾಣವೆಂದು ಗೊತ್ತುಮಾಡಲಾಯಿತು. ಗಡಿರಕ್ಷಣೆಗೆ ಇವು ಅಗತ್ಯವೆನ್ನುವವರು ಕಾರ್ಗಿಲ್ಲಿನ ಅನುಭವವನ್ನು ಮುಂದಿಟ್ಟು ವಾದಿಸಲಿ. ಆ ವಾದವನ್ನು ಒಪ್ಪದವರೂ ಅದರ ಪ್ರಾಮಾಣಿಕತೆಯನ್ನು ಒಪ್ಪಬಹುದು. ಪ್ರವಾಹದ ಚಿತ್ರ ಹಿಡಿದು ಬರುವವರು ಮಾತ್ರ, ಚಾಲಕನೂ ಅವನ ಜೊತೆಗಾರನೂ ಕುಳಿತ ಮೇಲೆ ಪ್ರಚಂಡದಲ್ಲಿ ಗಾಯಾಳುವನ್ನು ಎಲ್ಲಿ ಮಲಗಿಸುವರೆಂಬುದನ್ನು ಮೊದಲು ತೋರಿಸಬೇಕು.